ಸೋಮವಾರದ ನೀರು

ಒಮಾನ್ ಬಿಟ್ಟು ಊರಿಗೆ ಹೊರಡಲು ಹನ್ನೆರಡು ದಿನ ಉಳಿದಿತ್ತು. ಮಸ್ಕತ್ತಿನ ವಾದಿ ಅದಾಯ್‌ನಲ್ಲಿ ನಮ್ಮ ಮನೆ ಒಂದು ಗ್ಯಾರೇಜಿನ ಮೇಲಿತ್ತು. ಆ ಮಧ್ಯಾಹ್ನ ನಾನು ತರಕಾರಿ ಚೀಲ ಹಿಡಿದು ಮೆಟ್ಟಿಲು ಹತ್ತುತ್ತಿದ್ದಾಗ ಕೆಳಗಿನ ಮೆಕ್ಯಾನಿಕ್ ಕಾದ ನೆಲದ ಮೇಲೆ ಒಂದು ಬಕೆಟ್ ನೀರು ಸುರಿದ. ಬಿಸಿ ಕಲ್ಲಿಗೂ ದೂಳಿಗೂ ಒಟ್ಟಿಗೆ ನೀರು ಬಿದ್ದಾಗ ಏಳುವ ಆ ವಾಸನೆ ಮೂಗಿಗೆ ಬಡಿದದ್ದೇ ನನ್ನ ಕಾಲು ಮರಗಟ್ಟಿತು. ಚೀಲ ಜಾರಿ ಟೊಮೆಟೊಗಳು ಒಂದೊಂದೇ ಮೆಟ್ಟಿಲಿಳಿದು ಹೋದವು. ನಾನು ಕಂಬಿಯನ್ನು ಎರಡೂ ಕೈಗಳಿಂದ ತಬ್ಬಿಕೊಂಡು "ಮೇಲೆ, ಮೇಲೆ" ಎನ್ನುತ್ತಿದ್ದೆನಂತೆ. ಮೆಕ್ಯಾನಿಕ್ ಹೆದರಿ ಮನೆಯವರನ್ನು ಕೂಗಿ ಕರೆದನಂತೆ. ನನಗೆ ನೆನಪಿರುವುದು ಆ ವಾಸನೆ ಮಾತ್ರ.

"ಬಿ.ಪಿ. ಇರ್ಬೇಕು. ನಾಳೆ ಡಾಕ್ಟರ ಹತ್ರ ಹೋಗುವ" ಎಂದರು ನನ್ನ ಗಂಡ ವಾಲ್ಟರ್.

"ಡಾಕ್ಟರ್ ಬೇಡ. ನಿಜ್ವಾಕ್ಕೆ ಹೋಗುವ. ಅಲ್ಲಿ ಒಂದು ಮರ ನೋಡ್ಲಿಕ್ಕುಂಟು."

"ಪ್ಯಾಕಿಂಗ್ ಅರ್ಧ ಆಗಿಲ್ಲ. ಈಗ ಮರವಾ?"

ನಮಗೆ ಮದುವೆಯಾಗಿ ಎಂಟು ವರ್ಷವಾಗಿತ್ತು. ಆ ಮರದ ವಿಷಯ ನಾನು ಅವರಿಗೂ ಹೇಳಿರಲಿಲ್ಲ. ಹೇಳಿದರೆ ನಾನು ಆಡಿದ ಒಂದು ಮಾತನ್ನೂ ಹೇಳಬೇಕಾಗುತ್ತಿತ್ತು.

ಒಳನಾಡಿನ ಬೆಟ್ಟದ ಕಡೆಯ ಆ ನಿಜ್ವಾಕ್ಕೆ ನಾನು ಹೋದದ್ದು ಎಂಬತ್ತರ ದಶಕದ ಕೊನೆಗೆ, ಮದುವೆಗೆ ಮೊದಲು. ಉಡುಪಿಯ ಹತ್ತಿರದ ಊರು ನನ್ನದು. ಬಿ.ಎಸ್ಸಿ. ಮುಗಿಸಿ, ಮಂಗಳೂರಿನಲ್ಲಿ ನರ್ಸಿಂಗ್ ಓದಿ, ಎರಡು ವರ್ಷ ವಾರ್ಡಿನಲ್ಲಿ ದುಡಿದು ವಿಮಾನ ಹತ್ತಿದ್ದೆ. ಅಲ್ಲಿ ನನ್ನನ್ನು ಊರೂರು ತಿರುಗಿ ಮಕ್ಕಳಿಗೆ ಲಸಿಕೆ ಹಾಕುವ ತಂಡಕ್ಕೆ ಸೇರಿಸಿದರು. ತಂಡವೆಂದರೆ ಮೂರೇ ಜನ. ಲಸಿಕೆಯ ಐಸ್ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂರುವ ನಾನು. ಗುಡ್ಡದ ಊರುಗಳ ಪ್ರತಿ ಮನೆಯ ಪ್ರತಿ ಮಗುವಿನ ಹೆಸರು ಬಾಯಲ್ಲೇ ಹೇಳುವ ಸಾಲಿಂ, ಅಲ್ಲಿಯವನೇ ಆದ ಸಹಾಯಕ. ಮತ್ತು ಡ್ರೈವರ್ ಅಬ್ದುಲ್ ರಹಿಮಾನ್. ಪಾಣೆಮಂಗಳೂರಿನ ಬ್ಯಾರಿ. ಊರಿನವರ ಬಾಯಲ್ಲಿ ಅದ್ರಾಮಾಕ, ನನ್ನ ಬಾಯಲ್ಲೂ ಅದೇ. ಐವತ್ತು ದಾಟಿದ, ಕಡ್ಡಿಯಂಥ ಮನುಷ್ಯ. ಗಡ್ಡಕ್ಕೆ ಮದರಂಗಿ ಹಚ್ಚುತ್ತಿದ್ದರು. ಲ್ಯಾಂಡ್ ಕ್ರೂಸರನ್ನು ಹೆಂಡತಿಗಿಂತ ಹೆಚ್ಚು ಬೈಯುತ್ತೇನೆ ಎನ್ನುತ್ತಿದ್ದರು. ಆದರೆ ಹೆಂಡತಿ ಬೀಪಾತುಮ್ಮನ ಹೆಸರೆತ್ತುವಾಗ ಅವರ ದನಿ ಒಂದು ಮೆಟ್ಟಿಲು ಕೆಳಗಿಳಿಯುತ್ತಿತ್ತು.

ಸೋಮವಾರ ನಮ್ಮದು ದೂರದ ಸವಾರಿ. ಬೆಟ್ಟದ ಬುಡದಲ್ಲಿ ಒಂದು ವಾದಿಯನ್ನು ದಾಟಿ ಮೇಲಿನ ಊರಿಗೆ ಹೋಗಬೇಕು. ವಾದಿಯೆಂದರೆ ಒಣಗಿದ ಹೊಳೆ. ವರ್ಷದ ಹೆಚ್ಚಿನ ದಿನ ಅದರಲ್ಲಿ ಕಲ್ಲು, ಬಿಸಿಲು, ಆಡು ಬಿಟ್ಟರೆ ಏನೂ ಇರುವುದಿಲ್ಲ. ಬೆಟ್ಟದಲ್ಲಿ ಮಳೆಯಾದರಷ್ಟೇ ಅದಕ್ಕೆ ನೀರು. ನನ್ನ ಮೊದಲ ಸೋಮವಾರ ಅದ್ರಾಮಾಕ ವಾದಿ ದಾಟಿ, ಆಚೆ ದಡದ ಏರಿನಲ್ಲಿ ಗಾಡಿಯ ಮೂತಿಯನ್ನು ಮೇಲ್ಮುಖ ಮಾಡಿ ನಿಲ್ಲಿಸಿ, ಇಂಜಿನ್ ಚಾಲೂ ಇಟ್ಟೇ ಇಳಿದರು.

"ಎಂತ ಆಯ್ತು? ಪಂಕ್ಚರಾ?" ಎಂದು ಕೇಳಿದೆ.

"ಇಲ್ಲ ಸಿಸ್ಟರೇ. ಒಬ್ಬರು ನೆಂಟರಿದ್ದಾರೆ, ನೋಡಿ ಬರ್ತೇನೆ."

ಸೀಟಿನ ಕೆಳಗಿಂದ ತಮ್ಮ ನೀರಿನ ಕ್ಯಾನ್ ತೆಗೆದುಕೊಂಡು ನಲವತ್ತು ಹೆಜ್ಜೆ ಹಿಂದಕ್ಕೆ, ವಾದಿಯ ಒಳಕ್ಕೆ ನಡೆದರು. ಅಲ್ಲಿ ಕಲ್ಲುರಾಶಿಯ ನಡುವೆ ಒಂದು ಮರವಿತ್ತು. ನಮ್ಮ ಜಾಲಿಯ ಜಾತಿಯದು, ಕೊಡೆಯಂತೆ ಹರಡಿದ್ದು, ಮೈಯೆಲ್ಲ ಮುಳ್ಳು. ಅಲ್ಲಿಯವರು ಅದನ್ನು ಸಮುರ್ ಎನ್ನುತ್ತಾರೆ. ಅದ್ರಾಮಾಕ ಕುಕ್ಕರಗಾಲಿನಲ್ಲಿ ಕುಳಿತು, ಮಗುವಿನ ತಲೆಗೆ ಎರೆಯುವವರಂತೆ ನಿಧಾನವಾಗಿ ಅದರ ಬುಡಕ್ಕೆ ಕ್ಯಾನನ್ನು ಖಾಲಿ ಮಾಡಿದರು.

ಹಿಂದಿರುಗಿ ಬಂದವರಿಗೆ ಸಾಲಿಂ ತನ್ನ ಹಿಂದಿಯಲ್ಲಿ ಹೇಳಿದ, "ಮುದುಕಾ, ಅದರ ಬೇರು ಬಾವಿಗಿಂತ ಆಳ ಹೋಗಿರುತ್ತದೆ. ನಿನ್ನ ಕ್ಯಾನು ಅದರ ಒಂದು ಎಲೆಗೂ ಸಾಲದು. ಯಲ್ಲಾ, ನಡೆ, ಹೊತ್ತಾಯಿತು."

"ಗೊತ್ತುಂಟು. ಅದಕ್ಕೆ ಬೇಕು ಅಂತ ನಾನೆಲ್ಲಿ ಹೇಳಿದೆ?" ಎಂದರು ಅದ್ರಾಮಾಕ.

ಅದರ ಹಿಂದಿನ ಕತೆ ನನಗೆ ತಿಳಿದದ್ದು ಮುಂದಿನ ಸೋಮವಾರ. ಪ್ರವಾದಿಯ ಜೊತೆಗಾರರನ್ನು ಅವರು ಸಹಾಬಿಗಳು ಎನ್ನುತ್ತಿದ್ದರು. ಅವರಲ್ಲೊಬ್ಬರು, ಎರಡನೆಯ ಖಲೀಫರ ಮಗ, ಪ್ರವಾದಿ ತೀರಿಕೊಂಡ ಮೇಲೂ ಅವರ ಹೆಜ್ಜೆಯ ಮೇಲೆಯೇ ಹೆಜ್ಜೆ ಇಡುತ್ತಿದ್ದರಂತೆ. ಪ್ರವಾದಿ ಪ್ರಯಾಣದಲ್ಲಿ ಎಲ್ಲಿ ಇಳಿದಿದ್ದರೋ ಅಲ್ಲಿ ಇವರೂ ಇಳಿಯುವುದು, ಎಲ್ಲಿ ನಮಾಜು ಮಾಡಿದ್ದರೋ ಅಲ್ಲೇ ಮಾಡುವುದು. ಒಮ್ಮೆ ಪ್ರವಾದಿ ಒಂದು ಮರದ ನೆರಳಲ್ಲಿ ಕುಳಿತಿದ್ದರು. ಆ ಮರ ಒಣಗಬಾರದೆಂದು ಈ ಸಹಾಬಿ ಹೋಗಿ ಹೋಗಿ ಅದರ ಬುಡಕ್ಕೆ ನೀರು ಹಾಕುತ್ತಿದ್ದರಂತೆ.

"ಆದ್ರೆ ನಿಮ್ಮ ನೆಬಿ ಈ ಕಡೆ ಬರ್ಲೇ ಇಲ್ವಲ್ಲ?" ಎಂದೆ ನಾನು.

"ಮುತ್ತು ನೆಬಿ ಬರ್ಲಿಲ್ಲ" ಎಂದರು. ಪ್ರವಾದಿಯನ್ನು ಅವರು ಕರೆಯುತ್ತಿದ್ದುದು ಹಾಗೆ. ಆ ಹೆಸರು ಬಂದಾಗಲೆಲ್ಲ ಅವರ ತುಟಿ ಸದ್ದಿಲ್ಲದೆ ಸಲಾಮು ಹೇಳಿ ಮುಗಿಸುವವರೆಗೆ ಮುಂದಿನ ಮಾತು ಬರುತ್ತಿರಲಿಲ್ಲ. "ಆದ್ರೆ ಅವರು ಕೂತದ್ದು ಇದೇ ಜಾತಿ ಮರದ ಅಡಿಯಲ್ಲಿ ಅಂತೆ. ಮದೀನಕ್ಕೆ ಹೋಗ್ಲಿಕ್ಕೆ ನನಗೆ ಯಾವಾಗ ಆಗ್ತದೋ. ಅಷ್ಟರವರೆಗೆ ಆ ಮರದ ನೆಂಟರನ್ನಾದ್ರೂ ವಿಚಾರಿಸುವುದು ಬೇಡ್ವಾ?"

ಸೋಮವಾರವೇ ಯಾಕೆಂದರೆ ಪ್ರವಾದಿ ಸೋಮವಾರ ಉಪವಾಸ ಹಿಡಿಯುತ್ತಿದ್ದರು. ಹಾಗಾಗಿ ಅದ್ರಾಮಾಕನದೂ ಉಪವಾಸ. ಅಂದು ಕುಡಿಯದೆ ಉಳಿಯುವ ತಮ್ಮ ಪಾಲಿನ ನೀರನ್ನು ಅವರು ಮರಕ್ಕೆ ಕೊಡುತ್ತಿದ್ದರು. ನೆತ್ತಿ ಸುಡುವ ಬಿಸಿಲಿನಲ್ಲಿ ತುಟಿ ಬಿರಿದ ಮನುಷ್ಯ ಕಾಲು ಮಡಿಸಿ ಕುಳಿತು ನೀರು ಚೆಲ್ಲುವುದನ್ನು ನಾನು ಗಾಡಿಯ ಕಿಟಕಿಯಿಂದ ನೋಡುತ್ತಿದ್ದೆ. ಶುಭ ಶುಕ್ರವಾರದಂದು ಇಗರ್ಜಿಯಲ್ಲಿ ಶಿಲುಬೆಯ ಪಾದಕ್ಕೆ ಮುತ್ತಿಟ್ಟು ಎದ್ದಾಗ ನನ್ನ ಅಮ್ಮನ ಮುಖ ಹೇಗಾಗುತ್ತಿತ್ತೋ, ಹಿಂದಿರುಗಿ ಬರುವಾಗ ಅವರ ಮುಖ ಹಾಗಿರುತ್ತಿತ್ತು.

ಸಾಲಿಂಗೆ ಇದು ಸರಿಬರುತ್ತಿರಲಿಲ್ಲ. ಅವನು ಧರ್ಮ ಓದಿದ ಮನೆಯಿಂದ ಬಂದವನು. "ಮರಕ್ಕೆ ಮರ್ಯಾದೆ ಶುರುವಾದರೆ ನಾಳೆ ಪೂಜೆಯೂ ಶುರುವಾಗುತ್ತದೆ. ಜನ ಒಂದು ಮರದ ಹತ್ತಿರ ಹೋಗಿ ಹೋಗಿ ನಮಾಜು ಮಾಡುತ್ತಾರೆಂದು ಖಲೀಫರೇ ಅದನ್ನು ಕಡಿಸಿದ್ದರು, ಗೊತ್ತೇ?"

"ಗೊತ್ತಿಲ್ಲದೆ ಉಂಟಾ? ಆ ಖಲೀಫರ ಮಗನೇ ಅಲ್ವಾ ನೀರು ಹಾಕಿದವರು? ಅಪ್ಪ ಕಡಿಸಿದ್ರು, ಮಗ ನೀರು ಹಾಕಿದ್ರು. ನೀನು ಅಪ್ಪನ ಪಾರ್ಟಿ, ನಾನು ಮಗನ ಪಾರ್ಟಿ."

ನಾನು ನಕ್ಕು ಐಸ್ ಪೆಟ್ಟಿಗೆ ಬೀಳಿಸುವುದರಲ್ಲಿದ್ದೆ. ಸಾಲಿಂ ಸಹ ನಕ್ಕ. ಆಮೇಲೆ ಕಿಟಕಿಯ ಹೊರಗೆ ನೋಡುತ್ತ, "ಒಮಾನಿನ ನಮ್ಮ ಹಿರಿಯರು ಪ್ರವಾದಿಯನ್ನು ನೋಡಲೇ ಇಲ್ಲ" ಎಂದ. "ಮದೀನದಿಂದ ಅವರ ಒಂದು ಪತ್ರ ಬಂತು. ಪತ್ರ ಓದಿ ನಂಬಿದರು. ಕಾಣದವರನ್ನು ಪ್ರೀತಿಸುವುದು ನಮಗೆ ನೀನು ಕಲಿಸಬೇಡ."

"ಅದು ದೊಡ್ಡದು" ಎಂದು ಅದ್ರಾಮಾಕ ಕೂಡಲೇ ಒಪ್ಪಿಕೊಂಡರು. "ಅದು ನನ್ನ ಕ್ಯಾನಿಗಿಂತ ದೊಡ್ಡದು ಮಾರಾಯ."

ಆ ಚಳಿಗಾಲ ಪೂರ್ತಿ ನಮ್ಮ ಸೋಮವಾರಗಳು ಹೀಗೇ ಹೋದವು. ಅದ್ರಾಮಾಕ ಸಹಾಬಿಗಳ ಕತೆಯನ್ನು ಪಕ್ಕದ ಮನೆಯ ಸುದ್ದಿ ಹೇಳುವಂತೆ ಹೇಳುತ್ತಿದ್ದರು. ಪ್ರವಾದಿ ತೀರಿಕೊಂಡ ಮೇಲೆ ಬಾಂಗು ಕೊಡಲು ನಿಂತ ಬಿಲಾಲರ ಗಂಟಲು, ಬಾಂಗಿನಲ್ಲಿ ಆ ಹೆಸರು ಬರುವ ಜಾಗಕ್ಕೆ ಬಂದು ಕಟ್ಟಿತಂತೆ. ಮದೀನದ ಬೀದಿಯೇ ಅತ್ತಿತಂತೆ. ಈ ಕತೆ ಹೇಳುವಾಗ ಅದೇ ಜಾಗದಲ್ಲಿ ಅದ್ರಾಮಾಕನ ಗಂಟಲೂ ಕಟ್ಟುತ್ತಿತ್ತು. ಆಗ ಅವರು ಇಲ್ಲದ ಆಡಿಗೆ ಹಾರನ್ ಹೊಡೆಯುತ್ತಿದ್ದರು. "ಎಲ್ಲಿ ಆಡು?" ಎಂದು ಸಾಲಿಂ ಕೇಳುತ್ತಿದ್ದ. "ಹೋಯ್ತು" ಎನ್ನುತ್ತಿದ್ದರು.

ಒಂದು ದಿನ ಟೈರಿನಿಂದ ಸಮುರ್ ಮುಳ್ಳು ಕೀಳುತ್ತ ಇನ್ನೊಂದು ಹೇಳಿದರು. ಮಕ್ಕಾದ ಶತ್ರುಗಳು ಒಬ್ಬ ಸಹಾಬಿಯನ್ನು ಹಿಡಿದು ಕೊಲ್ಲಲು ನಿಲ್ಲಿಸಿದ್ದರು. ನಿನ್ನ ಜಾಗದಲ್ಲಿ ಈಗ ನಿನ್ನ ಪ್ರವಾದಿ ಇದ್ದು, ನೀನು ಮನೆಯಲ್ಲಿ ಹೆಂಡತಿ ಮಕ್ಕಳ ಜೊತೆ ಇದ್ದಿದ್ದರೆ ಒಳ್ಳೆಯದಿತ್ತಲ್ಲವೇ ಎಂದು ಕೇಳಿದರಂತೆ. ನಾನು ಮನೆಯಲ್ಲಿ ಸುಖವಾಗಿದ್ದು ಅವರ ಕಾಲಿಗೆ ಒಂದು ಮುಳ್ಳು ಚುಚ್ಚುವುದೂ ನನಗೆ ಬೇಡ ಎಂದು ಆತ ಹೇಳಿ ಸತ್ತನಂತೆ. ಅದ್ರಾಮಾಕ ಕಿತ್ತ ಮುಳ್ಳನ್ನು ಬೆಳಕಿಗೆ ಹಿಡಿದರು. ಬೆರಳುದ್ದದ ಬಿಳಿ ಮುಳ್ಳು. "ಇಷ್ಟು ಕೂಡ ಬೇಡ ಅಂದ್ರಂತೆ, ನೋಡಿ ಸಿಸ್ಟರೇ."

ಫೆಬ್ರವರಿಯ ಹೊತ್ತಿಗೆ ನನ್ನ ಬಾಟಲಿಯಲ್ಲಿ ಉಳಿದ ನೀರನ್ನೂ ಅವರ ಕ್ಯಾನಿಗೆ ಸುರಿಯತೊಡಗಿದ್ದೆ. "ನನ್ನ ನೀರು ಆಗ್ತದಾ ನಿಮ್ಮ ನೆಂಟರಿಗೆ?" ಎಂದರೆ, "ಮರ ಜಾತಿ ಕೇಳುದಿಲ್ಲ. ಕೇಳಿದ್ರೆ ಮೊದಲು ನನ್ನನ್ನೇ ಓಡಿಸ್ತಿತ್ತು" ಎನ್ನುತ್ತಿದ್ದರು. ಅಮ್ಮನನ್ನು, ಊರನ್ನು, ಇಗರ್ಜಿಯ ಗಂಟೆಯನ್ನು ಬಿಟ್ಟು ಬಂದ ನನಗೆ ಆ ಮರ ವಾರಕ್ಕೊಮ್ಮೆ ಭೇಟಿ ಕೊಡುವ ಮನೆಯಂತಾಗಿತ್ತು. ಇದನ್ನು ಬರೆಯುವುದು ಮುಖ್ಯ. ನಾನು ಆ ದಿನ ಆಡಿದ ಮಾತು ತಮಾಷೆಯದಾಗಿದ್ದರೂ ತಾತ್ಸಾರದ್ದಾಗಿರಲಿಲ್ಲ.

ಮಾರ್ಚಿನ ಒಂದು ಸೋಮವಾರ. ಬೆಳಿಗ್ಗೆ ಹೋಗುವಾಗ ಸಾಲಿಂ ಅವಸರ ಮಾಡಿದ. ಮೇಲಿನ ಊರಿನಲ್ಲಿ ದಡಾರ ಕಾಣಿಸಿಕೊಂಡಿತ್ತು, ತಾಯಂದಿರು ಕಾಯುತ್ತಿದ್ದರು. ನಾವು ಮರದ ಹತ್ತಿರ ನಿಲ್ಲಲಿಲ್ಲ. ಮಧ್ಯಾಹ್ನದವರೆಗೂ ಕೆಲಸ ಮುಗಿಯಲಿಲ್ಲ. ಹಿಂದಿರುಗುವಾಗ ಮೂರು ಗಂಟೆಯಾಗಿತ್ತು. ನಮ್ಮ ತಲೆಯ ಮೇಲೆ ಬಿಸಿಲು, ಹಿಂದೆ ಬೆಟ್ಟದ ನೆತ್ತಿಯಲ್ಲಿ ಮಾತ್ರ ಇದ್ದಿಲ ಬಣ್ಣದ ಮೋಡ.

ವಾದಿ ದಾಟುತ್ತ ಅದ್ರಾಮಾಕ ಕನ್ನಡಿಯಲ್ಲಿ ಬೆಟ್ಟವನ್ನು ಎರಡು ಸಲ ನೋಡಿದರು. "ಇವತ್ತು ಬೇಡ. ಬರುವ ವಾರ ಡಬಲ್ ಕೊಡುವ" ಎಂದು ತಮಗೇ ಹೇಳಿಕೊಂಡರು.

ಆಗ ನಾನು ಹೇಳಿದೆ, "ಎಂತ ಅದ್ರಾಮಾಕ? ನಿಮ್ಮ ಆ ಸಹಾಬಿ ಆಕಾಶದಲ್ಲಿ ಮೋಡ ಉಂಟು ಅಂತ ನೀರು ಹಾಕದೆ ಹೋಗ್ತಿದ್ರಾ?"

ಅವರು ನಕ್ಕರು. ನಿಜವಾಗಿ ನಕ್ಕರು, ಸಿಕ್ಕಿಬಿದ್ದವರಂತೆ. "ಈ ಬಾಯಮ್ಮ ನನ್ನ ಪಾಠ ನನಗೇ ಒಪ್ಪಿಸ್ತಾರಲ್ಲ! ಆಯ್ತು, ಎರಡು ನಿಮಿಷ."

ಈಚೆ ದಡದ ಏರಿನಲ್ಲಿ ಗಾಡಿ ನಿಂತಿತು. ಮೂತಿ ಮೇಲಕ್ಕೆ, ಇಂಜಿನ್ ಚಾಲೂ. ವಾದಿಯೊಳಗೆ ಗಾಡಿ ನಿಲ್ಲಿಸುವವನು ಡ್ರೈವರೇ ಅಲ್ಲ ಎನ್ನುತ್ತಿದ್ದ ಮನುಷ್ಯ ಆ ದಿನವೂ ತನ್ನ ನಿಯಮ ಮುರಿಯಲಿಲ್ಲ. ನಾನು ನನ್ನ ಬಾಟಲಿಯನ್ನು ಅವರ ಕ್ಯಾನಿಗೆ ಬಗ್ಗಿಸಿದೆ. ಅವರು ಇಳಿದು ಹೋದರು.

ಮೊದಲು ಬಂದದ್ದು ವಾಸನೆ. ಎಲ್ಲಿಂದಲೋ ತಣ್ಣನೆಯ ಗಾಳಿ ಬೀಸಿತು, ಅದರಲ್ಲಿ ಬಿಸಿ ಕಲ್ಲಿಗೆ ನೀರು ಬಿದ್ದ ವಾಸನೆ. ಒಂದು ಹನಿ ಮಳೆಯಿಲ್ಲ. "ಮಳೆ ವಾಸನೆ" ಎಂದು ನಾನು ಖುಷಿಯಿಂದಲೇ ಹೇಳಿದೆ. ಸಾಲಿಂ ಮಾತ್ರ ತಟ್ಟನೆ ಎದ್ದು ಕುಳಿತ. ಬಾಗಿಲು ತೆರೆದು "ಅಬ್ದುಲ್ ರಹಿಮಾನ್! ಯಲ್ಲಾ! ಯಲ್ಲಾ!" ಎಂದು ಕೂಗಿದ. ಅಷ್ಟರಲ್ಲಿ ಸದ್ದು. ಕಲ್ಲು ತುಂಬಿದ ಹತ್ತು ಲಾರಿಗಳು ಒಟ್ಟಿಗೆ ಸುರಿಯುವಂಥ ಸದ್ದು. ಅದ್ರಾಮಾಕ ಕುಕ್ಕರಗಾಲಿನಿಂದ ಎದ್ದು ನಿಂತರು. ಕ್ಯಾನ್ ಕೈಯಲ್ಲಿತ್ತು. ತಿರುವಿನಿಂದ ನೀರು ಬಂತು. ಅದು ನೀರಿನ ಹಾಗಿರಲಿಲ್ಲ. ಕಂದು ಗೋಡೆಯೊಂದು ಕೊಂಬೆ, ಡ್ರಮ್ಮು, ಸತ್ತ ಆಡು ಎಲ್ಲವನ್ನೂ ಹೊತ್ತು ನಡೆದು ಬಂದಂತಿತ್ತು.

ಅವರು ನಮ್ಮ ಕಡೆಗೆ ಏಳೆಂಟು ಹೆಜ್ಜೆ ಓಡಿದರು. ಮುಂದಿನ ತಗ್ಗಿನಲ್ಲಿ ಆಗಲೇ ನೀರು ನುಗ್ಗಿತ್ತು. ತಿರುಗಿ ಮರಕ್ಕೆ ಓಡಿದರು. ಎರಡೂ ಕೈಗಳಿಂದ ಅದನ್ನು ತಬ್ಬಿಕೊಂಡರು. ನೀರು ಸೊಂಟಕ್ಕೆ ಬಂತು, ಎದೆಗೆ ಬಂತು. ಸಾಲಿಂ ಹಿಂದಿನಿಂದ ಹಗ್ಗ ಎಳೆದು, ಬಂಪರಿಗೆ ಬಿಗಿದು, ದಡಕ್ಕಿಳಿದು ಎಸೆದ. ಮುಟ್ಟಲಿಲ್ಲ. ಮತ್ತೆ ಎಸೆದ. ಅದ್ರಾಮಾಕ ಏನೋ ಕೂಗುತ್ತಿದ್ದರು. ನಾನು ಐಸ್ ಪೆಟ್ಟಿಗೆಯನ್ನು ತಬ್ಬಿಕೊಂಡು ಗಾಡಿಯೊಳಗೇ ಕುಳಿತಿದ್ದೆ. ಇಳಿಯಲೇ ಇಲ್ಲ. ನೀರು ಹಿಂದಿನ ಟೈರಿಗೆ ಬಡಿದು ಗಾಡಿ ಒಮ್ಮೆ ಪಕ್ಕಕ್ಕೆ ಜಾರಿತು. ಆಗ ಸಾಲಿಂ ಓಡಿಬಂದು, ಹಗ್ಗವನ್ನು ಕತ್ತರಿಸಿ, ಸ್ಟಿಯರಿಂಗ್ ಹಿಡಿದು ಗಾಡಿಯನ್ನು ಮೇಲಕ್ಕೆ ಹತ್ತಿಸಿದ. ನಾನು ಕಣ್ಣು ಮುಚ್ಚಿಕೊಂಡೆ. ಮತ್ತೆ ಆ ಕಡೆ ತಿರುಗಲಿಲ್ಲ.

ಎರಡು ದಿನ ಕಳೆದು, ಕೆಳಗೆ ಖರ್ಜೂರದ ತೋಟವೊಂದರ ಬೇಲಿಯಲ್ಲಿ ಅವರು ಸಿಕ್ಕಿದರು. ಗುರುತು ಹಿಡಿಯಲು ನನ್ನನ್ನೂ ಕರೆದಿದ್ದರು. ಮುಖ ನೋಡಲು ನನ್ನಿಂದಾಗಲಿಲ್ಲ, ಕೈ ನೋಡಿದೆ. ಎರಡೂ ಅಂಗೈಗಳ ತುಂಬ ಬಿಳಿ ಮುಳ್ಳುಗಳು ಮುರಿದು ಕುಳಿತಿದ್ದವು. ನರ್ಸಿನ ಬೆರಳು ತಾನಾಗಿ ಚಿಮಟ ಹುಡುಕಿತು. ಅಲ್ಲಿದ್ದವರು "ಬೇಡ ಸಿಸ್ಟರ್, ಖಲಾಸ್" ಎಂದರು.

ಅವರನ್ನು ನಿಜ್ವಾದಲ್ಲೇ ಮಣ್ಣು ಮಾಡಿದರು. ಎರಡು ತಿಂಗಳಾದ ಮೇಲೆ ರಜೆಯಲ್ಲಿ ಊರಿಗೆ ಬಂದಾಗ ಅವರ ಟೊಪ್ಪಿ, ಜಪಸರ, ಅರ್ಧ ಉಳಿದ ಅತ್ತರಿನ ಸೀಸೆಯನ್ನು ಹಿಡಿದು ನಾನು ಪಾಣೆಮಂಗಳೂರಿಗೆ ಹೋದೆ. ಬೀಪಾತುಮ್ಮ ಇದ್ದಾದಲ್ಲಿದ್ದರು. ಗಂಡ ತೀರಿಕೊಂಡ ಹೆಂಗಸು ನಾಲ್ಕು ತಿಂಗಳು ಹತ್ತು ದಿನ ಮನೆಯೊಳಗೇ ಇರುವ ಕ್ರಮ ಅದು. ಬಸ್ಸಿನಲ್ಲಿ ಬರುವಾಗ ಒಂದೇ ವಾಕ್ಯವನ್ನು ಬಾಯಿಪಾಠ ಮಾಡಿದ್ದೆ. ನಿಲ್ಲಿಸಲು ಹೇಳಿದ್ದು ನಾನು.

ಅವರು ಅಳಲಿಲ್ಲ. ಅತ್ತರಿನ ಸೀಸೆಯನ್ನು ಮಡಿಲಲ್ಲಿಟ್ಟುಕೊಂಡು ಮೂರೇ ಪ್ರಶ್ನೆ ಕೇಳಿದರು.

"ಅವತ್ತು ಉಪವಾಸ ಇದ್ರಾ?"

"ಹೌದು. ಸೋಮವಾರ."

"ನೀರು ಹಾಕಿ ಆಗಿತ್ತಾ?"

"ಆಗಿತ್ತು."

"ಮರ ಉಂಟಾ?"

ನನಗೆ ಗೊತ್ತಿರಲಿಲ್ಲ. ಗಂಡನ ಬಗ್ಗೆ ಇನ್ನೇನೂ ಕೇಳದೆ, ಅವರ ಕಾಗದಗಳಿಂದಷ್ಟೇ ತಿಳಿದಿದ್ದ, ಎಂದೂ ಕಾಣದ ಒಂದು ಮರದ ಕ್ಷೇಮ ಕೇಳುವ ಆ ಮುಖದ ಮುಂದೆ ನನ್ನ ಬಾಯಿಪಾಠ ಮರೆತುಹೋಯಿತು. "ಉಂಟು" ಎಂದೆ. ಅವರ ಮುಖದಲ್ಲಿ ಏನೋ ಸಡಿಲಾಯಿತು. ಅದನ್ನು ನೋಡಿ ನಾನು ಮತ್ತೂ ಒಂದು ಮಾತು ಸೇರಿಸಿದೆ. "ಸೋಮವಾರ ಸೋಮವಾರ ನಾನೇ ನೀರು ಹಾಕ್ತೇನೆ."

ಆಗ ಬೀಪಾತುಮ್ಮ ಅತ್ತರು. ಮಗಳು ಝೊಹರಾಳನ್ನು ಕರೆದು ನನಗೆ ಚಹಾ ತರಿಸಿದರು.

ನಾನು ಹಿಂದಿರುಗಿ ಹೋದವಳು ಆ ರಸ್ತೆಯಲ್ಲಿ ಒಂದು ದಿನವೂ ಹೋಗಲಿಲ್ಲ. ಕೈಕಾಲು ಹಿಡಿದು ಮಸ್ಕತ್ತಿಗೆ ವರ್ಗ ಮಾಡಿಸಿಕೊಂಡೆ. ಮದುವೆಯಾಯಿತು, ಮಗಳು ಹುಟ್ಟಿದಳು. ಪ್ರತಿ ವರ್ಷ ರಂಜಾನಿನ ಮೊದಲು ಝೊಹರಾಳ ದುಂಡಗಿನ ಅಕ್ಷರದಲ್ಲಿ ಒಂದು ಕಾಗದ ಬರುತ್ತಿತ್ತು. ಎಲ್ಲರ ಕ್ಷೇಮದ ನಂತರ ಕೊನೆಯ ಸಾಲು ಯಾವಾಗಲೂ ಒಂದೇ. 'ಉಮ್ಮ ಕೇಳಲು ಹೇಳಿದ್ದಾರೆ, ಮರ ಹೇಗಿದೆ?' ನಾನು ಉತ್ತರ ಬರೆಯುತ್ತಿದ್ದೆ. ಈ ಸಲ ಹೊಸ ಚಿಗುರು ಬಂದಿದೆ. ಈ ಸಲ ಹೂ ಬಿಟ್ಟು ಜೇನುಹುಳು ಮುತ್ತಿವೆ. ನೀರು ಹಾಕುವಾಗ ಆಡುಗಳು ಬಂದು ನಿಲ್ಲುತ್ತವೆ. ವರ್ಷದಿಂದ ವರ್ಷಕ್ಕೆ ನನ್ನ ಸುಳ್ಳು ಚೆಂದವಾಗುತ್ತ ಹೋಯಿತು. ಒಟ್ಟು ಒಂಬತ್ತು ಕಾಗದ. ಒಂದೊಂದನ್ನು ಅಂಟಿಸುವಾಗಲೂ ಸಾಲಿಂ ಹೇಳಿದ್ದು ನೆನಪಾಗುತ್ತಿತ್ತು, ಪತ್ರ ಬಂತು, ಓದಿ ನಂಬಿದರು.

ಗ್ಯಾರೇಜಿನ ಅಂಗಳದಲ್ಲಿ ನೀರು ಬಿದ್ದ ನಂತರದ ಗುರುವಾರ ವಾಲ್ಟರ್ ನನ್ನನ್ನು ನಿಜ್ವಾಕ್ಕೆ ಕರೆದುಕೊಂಡು ಹೋದರು. ದಾರಿಯುದ್ದಕ್ಕೂ ಹೇಳಿದೆ. ಕೇಳುತ್ತ ಕೇಳುತ್ತ ಅವರು ನನಗೆ ಚಳಿಯಾಗದಂತೆ ಎ.ಸಿ. ಕಡಿಮೆ ಮಾಡಿದರು.

ಮೊದಲು ಸಾಲಿಂನ ಮನೆಗೆ ಹೋದೆವು. ಅವನಿಗೆ ತಲೆ ನರೆತಿತ್ತು. ಖರ್ಜೂರ, ಕಾವಾ ಕಾಫಿ ಕೊಟ್ಟ. ಹತ್ತು ವರ್ಷ ನನ್ನನ್ನು ಕೊರೆದ ಪ್ರಶ್ನೆಯನ್ನು ಕೇಳಿದೆ. "ಅವರು ಏನು ಕೂಗುತ್ತಿದ್ದರು?"

ಸಾಲಿಂ ಬಟ್ಟಲನ್ನು ಕೆಳಗಿಟ್ಟ. "ಮೇಲೆ, ಮೇಲೆ ಎಂದ. ಹಗ್ಗ ಬಿಡು, ಸಿಸ್ಟರನ್ನು ಮೇಲೆ ಕರೆದುಕೊಂಡು ಹೋಗು ಎಂದ. ನಾನು ಅವನ ಮಾತನ್ನು ಯಾವತ್ತೂ ಕೇಳಿದವನಲ್ಲ. ಅವತ್ತೊಂದು ದಿನ ಕೇಳಿದೆ."

ಹೊರಡುವಾಗ, ಮರ ಇದೆಯೇ ಎಂದು ಕೇಳಿದೆ. "ನೀನೇ ಹೋಗಿ ನೋಡು" ಎಂದ.

ವಾದಿಗೆ ಈಗ ಸೇತುವೆ ಬಂದಿತ್ತು. ಅದರ ಮೇಲೆ ಕಾರು ನಿಲ್ಲಿಸಿ ನೋಡಿದೆ. ಮರವಿತ್ತು. ಒಂದು ಕಡೆ ಹಳೆಯ ಕೊಂಬೆ ಸಿಗಿದುಹೋಗಿತ್ತು, ಅಷ್ಟೇ. ನಾನು ಬಿಟ್ಟು ಹೋದಾಗ ಇದ್ದದ್ದಕ್ಕಿಂತ ಅಗಲವಾಗಿ, ಹಸಿರಾಗಿ, ಅಡಿಯಲ್ಲಿ ನಾಲ್ಕು ಆಡುಗಳಿಗೆ ನೆರಳು ಕೊಟ್ಟು ನಿಂತಿತ್ತು. ಯಾರ ನೀರೂ ಅದಕ್ಕೆ ಬೇಕಿರಲಿಲ್ಲ. ಸಾಲಿಂ ಮೊದಲ ದಿನವೇ ಹೇಳಿದ್ದ, ಅದ್ರಾಮಾಕನೂ ಒಪ್ಪಿದ್ದರು. ಸಂತೋಷಪಡಬೇಕಾದಲ್ಲಿ ನನಗೆ ಅದರ ಮೇಲೆ ಸಿಟ್ಟು ಬಂತು.

ಕೈಯಲ್ಲಿ ನೀರಿನ ಬಾಟಲಿಯಿತ್ತು. ಸೇತುವೆಯ ಪಕ್ಕದಿಂದ ಕಾಲುದಾರಿಯೊಂದು ಇಳಿಯುತ್ತಿತ್ತು. ಆಕಾಶದಲ್ಲಿ ಒಂದು ತುಣುಕು ಮೋಡವಿಲ್ಲ. ಮೂರು ಹೆಜ್ಜೆ ಇಳಿದೆ. ನಾಲ್ಕನೆಯದ್ದನ್ನು ಕಾಲು ಇಡಲಿಲ್ಲ.

"ಕೊಡು, ನಾನು ಹಾಕಿ ಬರ್ತೇನೆ" ಎಂದರು ವಾಲ್ಟರ್.

ಕೊಡಲಿಲ್ಲ. ನಾನು ಹಾಕುತ್ತೇನೆಂದು ಬರೆದ ನೀರನ್ನು ಇನ್ನೊಬ್ಬರಿಂದ ಹಾಕಿಸಿ ಮತ್ತೊಂದು ಸುಳ್ಳು ಹೇಳಲು ಮನಸ್ಸಾಗಲಿಲ್ಲ. ಬಾಟಲಿ ತುಂಬಿದ್ದ ಹಾಗೇ ಮಸ್ಕತ್ತಿಗೆ ವಾಪಸು ಬಂತು.

ಊರು ಸೇರಿದ ಎರಡನೆಯ ವಾರ ಪಾಣೆಮಂಗಳೂರಿಗೆ ಹೋದೆ. ಬೀಪಾತುಮ್ಮ ಸಣ್ಣಗಾಗಿದ್ದರು. ನನ್ನ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡರು. ತವರಿಗೆ ಬಂದಿದ್ದ ಝೊಹರಾ ಒಂದು ಲೋಟ ನೀರು ತಂದಿಟ್ಟಳು.

"ನೀವು ಊರಿಗೆ ಬಂದ್ರಲ್ಲ. ಇನ್ನು ಮರಕ್ಕೆ ಯಾರು?" ಎಂದು ಕೇಳಿದರು, ಮೊದಲ ಮಾತಾಗಿ.

ಹತ್ತು ವರ್ಷ ಹಳೆಯ ಬಾಯಿಪಾಠವನ್ನು ಒಪ್ಪಿಸಿದೆ. ಮೋಡ ನೋಡಿ ಅವರು ಬೇಡ ಎಂದದ್ದು, ನಾನು ಸಹಾಬಿಯ ಹೆಸರೆತ್ತಿ ಕೆಣಕಿದ್ದು, ಅವರು ನಕ್ಕು ಇಳಿದದ್ದು, ಎಲ್ಲವನ್ನೂ. ಬೀಪಾತುಮ್ಮ ನೆಲ ನೋಡುತ್ತ ಕೇಳಿಸಿಕೊಂಡರು.

"ಆ ಕತೆ ನಿಮಗೆ ಹೇಳಿದ್ದು ಅವರೇ ಅಲ್ವಾ?"

"ಹೌದು."

"ಮತ್ತೆ ನಾನು ಯಾರ ಹತ್ರ ಜಗಳ ಮಾಡ್ಲಿ?" ಎಂದು ಸೆರಗಿನಿಂದ ಮುಖ ಒರೆಸಿಕೊಂಡರು. "ಅದು ನಿಮ್ಮ ಬಾಯಲ್ಲಿ ಬರ್ಲಿಕ್ಕಿತ್ತು, ಬಂತು. ಬಿಡಿ ಸಿಸ್ಟರೇ. ಅತ್ತು ಆಗಿದೆ."

ಅಲ್ಲಿಗೆ ನಿಲ್ಲಿಸಬಹುದಿತ್ತು. ಎದ್ದು ಬಂದಿದ್ದರೆ ಇವತ್ತು ನಾನು ಬೇರೆ ಮನುಷ್ಯಳಾಗಿರುತ್ತಿದ್ದೆನೋ ಏನೋ. ಆದರೆ ಅರ್ಧ ಹೇಳಿ ಬಿಡುವುದನ್ನು ನಾನು ಒಮ್ಮೆ ಮಾಡಿ ನೋಡಿದ್ದೆ. "ಇನ್ನೊಂದುಂಟು" ಎಂದೆ. "ನೀರು... ನಾನು ಒಂದು ದಿನವೂ ಹಾಕಲಿಲ್ಲ. ಹೆದರಿಕೆಯಿಂದ ಆ ಕಡೆಗೆ ಹೋಗ್ಲೇ ಇಲ್ಲ. ಕಾಗದದಲ್ಲಿ ಬರೆದದ್ದೆಲ್ಲ ಸುಳ್ಳು."

ಬೀಪಾತುಮ್ಮ ನನ್ನ ಕೈ ಬಿಟ್ಟರು. ಅವರ ತುಟಿ ಒಣಗಿ ಬಿಳಿಚಿದ್ದು ನನಗೆ ಆಗ ಕಂಡಿತು. ಇಂಥ ತುಟಿಯನ್ನು ನಾನು ಒಂದು ಚಳಿಗಾಲ ಪೂರ್ತಿ ನೋಡಿದ್ದೆ. ಅಂದು ಸೋಮವಾರ. ಬರುವ ಅವಸರದಲ್ಲಿ ನಾನು ವಾರ ನೋಡಿರಲಿಲ್ಲ.

"ಹತ್ತು ವರ್ಷ ಆಯ್ತು, ನಾನು ಸೋಮವಾರ ಬಿಟ್ಟವಳಲ್ಲ" ಎಂದರು. "ಅಲ್ಲಿ ನೀವು ನೀರು ಹಾಕ್ತೀರಿ, ಇಲ್ಲಿ ನಾನು ಉಪವಾಸ ಹಿಡೀತೇನೆ. ಎರಡೂ ಸೇರಿದ್ರೆ ಅವರ ಒಂದು ಸೋಮವಾರ ಆಗ್ತದೆ ಅಂತ ಎಣಿಸಿದ್ದೆ."

ಎದ್ದು ಒಳಗೆ ಹೋದರು. ಬರುವಾಗ ಕೈಯಲ್ಲಿ ಒಂದು ಹಸಿರು ಬಟ್ಟೆಯ ಗಂಟಿತ್ತು, ಅತ್ತರಿನ ವಾಸನೆಯದು. ಬಿಚ್ಚಿದರು. ನನ್ನ ಒಂಬತ್ತು ಕಾಗದಗಳು. ಓದಿ ಓದಿ ಮಡಿಕೆಯ ಜಾಗ ಬಟ್ಟೆಯಂತೆ ಮೆತ್ತಗಾಗಿತ್ತು. ಅವನ್ನು ನನ್ನ ಮಡಿಲಲ್ಲಿಟ್ಟು, "ಇದನ್ನು ನೀವೇ ಇಟ್ಕೊಳ್ಳಿ" ಎಂದು ಮತ್ತೆ ಒಳಗೆ ಹೋದರು. ಬಾಗಿಲು ಹಾಕಲಿಲ್ಲ. ಹೊರಗೂ ಬರಲಿಲ್ಲ.

ಬಸ್ಸಿನ ಹೊತ್ತಾಗುವವರೆಗೆ ನಾನು ಜಗಲಿಯಲ್ಲೇ ಕುಳಿತಿದ್ದೆ. ಝೊಹರಾ ತಂದಿಟ್ಟ ನೀರು ನನ್ನ ಮುಂದೆ ಹಾಗೇ ಇತ್ತು.